ಗ್ರೂಪ್‌ನಿಂದ ತೆಗೆಯುವ ಮುನ್ನ

(ಜುಮಾ ಖುತ್ಬಾದ ಸಾರಾಂಶ)

ಅಲ್ಲಾಹನಿಗೆ ಸರ್ವಸ್ತುತಿ. ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಅನುಚರರ ಮೇಲೆ ಅಲ್ಲಾಹನ ಕೃಪೆ ಹಾಗೂ ಶಾಂತಿ ಸದಾ ಇರಲಿ.



ಎಲ್ಲಕ್ಕಿಂತ ಮೊದಲು, ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ನಮಗೂ ನಿಮಗೂ ನೆನಪಿಸುತ್ತೇವೆ. ಭಯಭಕ್ತಿ ಮುಸಲ್ಲಾದ ಮೇಲೆ ಮಾತ್ರ ಇದ್ದರೆ ಸಾಲದು. ಅದು ನಾಲಗೆಯಲ್ಲಿರಬೇಕು, ಈ ಕಾಲದಲ್ಲಿ ಬೆರಳ ತುದಿಯಲ್ಲೂ ಇರಬೇಕು.

ಇಂದಿನ ವಿಷಯ ಕೆಲವರಿಗೆ ಸಣ್ಣದೆನಿಸಬಹುದು. ವಾಟ್ಸ್ಯಾಪ್ ಗ್ರೂಪ್‌ನಲ್ಲಿ ಗಲಾಟೆ ಎಬ್ಬಿಸುವವರನ್ನು ಏನು ಮಾಡಬೇಕು? ಅವರನ್ನು ತೆಗೆದುಹಾಕಬಹುದೇ? ತೆಗೆದುಹಾಕಿದರೆ ಸಂಬಂಧ ಕಡಿದ ಪಾಪ ಬರುತ್ತದೆಯೇ? ಇದೇನು ಮಿಂಬರ್ ಮೇಲೆ ನಿಂತು ಹೇಳುವ ಮಾತೇ ಎಂದು ಕೇಳುವವರೂ ಇರಬಹುದು. ಆದರೆ ಒಂದು ಗ್ರೂಪ್‌ನಿಂದ ಹೆಸರು ತೆಗೆದ ಕಾರಣಕ್ಕೆ ಅಣ್ಣ ತಮ್ಮಂದಿರ ನಡುವೆ ಸಲಾಮ್ ನಿಲ್ಲುವುದಿದೆ. ಒಂದೇ ಸಫ್‌ನಲ್ಲಿ ನಿಲ್ಲುತ್ತಿದ್ದವರು ಮುಖ ತಿರುಗಿಸಿಕೊಂಡು ಬೇರೆ ಬಾಗಿಲಿನಿಂದ ಹೊರಹೋಗುವುದಿದೆ. ಸಲಾಮ್ ನಿಲ್ಲುವ ವಿಷಯ ಸಣ್ಣದಾಗಲು ಸಾಧ್ಯವಿಲ್ಲ.

ಇಂದು ಪ್ರತಿ ಮೊಹಲ್ಲಾಕ್ಕೂ ಒಂದು ಗ್ರೂಪ್ ಇದೆ. ಜಮಾಅತ್‌ಗೆ ಒಂದು, ಯುವಕರಿಗೆ ಒಂದು, ಮದ್ರಸಾದ ಪೋಷಕರಿಗೆ ಒಂದು, ಕುಟುಂಬಕ್ಕೆ ಒಂದು. ಇವುಗಳಿಂದ ಆದ ಉಪಕಾರವನ್ನು ಮರೆಯಬಾರದು. ಊರಿನಲ್ಲಿ ಒಂದು ಮಯ್ಯಿತ್ ಆದರೆ ಜನಾಝಾ ನಮಾಝಿನ ಹೊತ್ತು ಕೂಡಲೇ ಎಲ್ಲರಿಗೂ ತಲುಪುತ್ತದೆ. ಮಧ್ಯರಾತ್ರಿ ರಕ್ತ ಬೇಕೆಂದರೆ ಹತ್ತು ಮಂದಿ ಸಿದ್ಧರಾಗುತ್ತಾರೆ. ದುಬೈ, ದಮ್ಮಾಮ್, ಕುವೈತ್‌ನಲ್ಲಿ ದುಡಿಯುವ ನಮ್ಮ ಮಕ್ಕಳು ಊರಿನ ಸುಖದುಃಖದಲ್ಲಿ ಪಾಲ್ಗೊಳ್ಳುವುದು ಇದೇ ಗ್ರೂಪ್‌ಗಳ ಮೂಲಕ. ಹಾಗಾಗಿ ಇವುಗಳನ್ನು ಬರೀ ಕಾಲಹರಣವೆಂದು ತಳ್ಳಿಹಾಕುವಂತಿಲ್ಲ. ಇವು ಇಂದಿನ ಮಜ್ಲಿಸ್‌ಗಳು. ಮಜ್ಲಿಸ್‌ಗೆ ಇಸ್ಲಾಮ್ ಕಲಿಸಿದ ಶಿಷ್ಟಾಚಾರ ಇವುಗಳಿಗೂ ಅನ್ವಯಿಸುತ್ತದೆ.

ಅಂಥ ಮಜ್ಲಿಸ್‌ನಲ್ಲಿ ಒಬ್ಬರು ಬೆಳಗ್ಗಿನಿಂದ ರಾತ್ರಿಯವರೆಗೆ ಜಗಳ ಕೆದಕುತ್ತಾರೆ, ವೈಯಕ್ತಿಕ ನಿಂದನೆ ಮಾಡುತ್ತಾರೆ, ಪರಿಶೀಲಿಸದ ಸುದ್ದಿ ಹಾಕುತ್ತಾರೆ ಎಂದುಕೊಳ್ಳಿ. ಆಗ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ನಮಗೇಕೆ ಈ ಉಸಾಬರಿ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಮರ್ಯಾದಸ್ಥರು ಒಬ್ಬೊಬ್ಬರಾಗಿ ಗ್ರೂಪ್ ಬಿಡುತ್ತಾರೆ, ಕೊನೆಗೆ ಗಲಾಟೆ ಮಾಡುವವರು ಮಾತ್ರ ಉಳಿಯುತ್ತಾರೆ. ಇಲ್ಲವೇ ಅಡ್ಮಿನ್ ಸಿಟ್ಟಿನ ಭರದಲ್ಲಿ ಅವರ ಹೆಸರನ್ನು ತೆಗೆದುಹಾಕುತ್ತಾರೆ, ವಿಷಯ ಅಲ್ಲಿಗೆ ಮುಗಿಯಿತೆಂದು ಭಾವಿಸುತ್ತಾರೆ. ಈ ಎರಡೂ ದಾರಿಗಳ ನಡುವೆ ಇಸ್ಲಾಮ್ ತೋರಿಸಿದ ಒಂದು ದಾರಿ ಇದೆ. ಅದನ್ನು ಅರಿಯಲು ಇಂದು ಪ್ರಯತ್ನಿಸೋಣ.

ಕುರ್‌ಆನ್ ಇಟ್ಟ ಅವಧಿ

ಪವಿತ್ರ ಕುರ್‌ಆನ್‌ನಲ್ಲಿ ಕೆಟ್ಟ ಮಾತಿನ ಮಜ್ಲಿಸ್ ಬಗ್ಗೆ ಎರಡು ಕಡೆ ಸ್ಪಷ್ಟ ನಿರ್ದೇಶನವಿದೆ. ಒಂದು ಮಕ್ಕಾದಲ್ಲಿ ಅವತೀರ್ಣವಾದ ಅಲ್ ಅನ್‌ಆಮ್ ಅಧ್ಯಾಯದ 68ನೇ ಸೂಕ್ತ. ಇನ್ನೊಂದು ಮದೀನಾದಲ್ಲಿ ಅವತೀರ್ಣವಾದ ಅನ್ನಿಸಾ ಅಧ್ಯಾಯದ 140ನೇ ಸೂಕ್ತ. ಅಲ್ಲಾಹನ ಸೂಕ್ತಗಳನ್ನು ಗೇಲಿ ಮಾಡುವವರ ಜೊತೆ ಕುಳಿತಿರಬಾರದು, ಎದ್ದು ಬರಬೇಕು ಎಂಬುದು ಎರಡರಲ್ಲೂ ಇರುವ ಆದೇಶ. ಕುಳಿತೇ ಇದ್ದರೆ ಅವರ ಹಾಗೆಯೇ ಆಗುವಿರಿ ಎಂಬ ಎಚ್ಚರಿಕೆಯೂ ಎರಡನೆಯದರಲ್ಲಿದೆ.

ಆದರೆ ಸಹೋದರರೇ, ಈ ಎರಡೂ ಸೂಕ್ತಗಳಲ್ಲಿ ಒಂದು ಅವಧಿಯೂ ಇದೆ. ಅವರು ಬೇರೆ ಮಾತಿಗೆ ತೊಡಗುವವರೆಗೆ ಮಾತ್ರ ಅವರಿಂದ ದೂರವಿರಬೇಕು. ಅಲ್ಲಾಹನ ಸೂಕ್ತಗಳನ್ನೇ ಗೇಲಿ ಮಾಡುವವರ ವಿಷಯದಲ್ಲೂ ಕುರ್‌ಆನ್ ಬಾಗಿಲನ್ನು ಶಾಶ್ವತವಾಗಿ ಮುಚ್ಚಲಿಲ್ಲ. ದೂರವಿರುವುದು ಆ ಮಾತಿನಿಂದ. ಮಾತು ಬದಲಾದರೆ ದೂರವಿರುವ ಕಾರಣವೂ ಮುಗಿಯಿತು.

ನಮ್ಮ ಗ್ರೂಪ್‌ಗಳಲ್ಲಿ ಜಗಳವಾಡುವ ಸಹೋದರರನ್ನು ದೇವಸೂಕ್ತಗಳನ್ನು ಗೇಲಿ ಮಾಡುವವರ ಸಾಲಿಗೆ ಸೇರಿಸುವುದು ಎಂದಿಗೂ ಸಲ್ಲದು. ಅವರು ನಮ್ಮವರೇ, ನಮ್ಮ ಜೊತೆ ಕಿಬ್ಲಾಕ್ಕೆ ಮುಖ ಮಾಡುವವರು. ಅಂಥ ಗಂಭೀರ ಅಪರಾಧಕ್ಕೇ ಒಂದು ಅವಧಿ ಇದೆಯೆಂದಾದರೆ, ಒಬ್ಬ ಸಹೋದರನ ಒರಟು ಮಾತಿಗೆ ಅವಧಿಯೇ ಇಲ್ಲದ ಶಿಕ್ಷೆ ಕೊಡಲು ನಮಗೆ ಯಾವ ಆಧಾರವಿದೆ?

ಪ್ರವಾದಿವರ್ಯರ(ಸ) ಮಸೀದಿಯಿಂದಲೇ ಇನ್ನೊಂದು ಪಾಠ ಸಿಗುತ್ತದೆ. ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದವರು ಮಸೀದಿಗೆ ಬಾರದಿರಲಿ ಎಂದು ಪ್ರವಾದಿವರ್ಯರು(ಸ) ಹೇಳಿದ್ದರು. ಅಂಥ ವಾಸನೆ ಬರುತ್ತಿದ್ದವರನ್ನು ಮಸೀದಿಯಿಂದ ಬಖೀಅ್ ಕಡೆಗೆ ಕಳುಹಿಸಲು ಅವರು ಆದೇಶಿಸುತ್ತಿದ್ದುದನ್ನು ತಾವು ಕಂಡಿದ್ದಾಗಿ ಹ. ಉಮರ್(ರ) ತಮ್ಮ ಒಂದು ಖುತ್ಬಾದಲ್ಲಿ ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ತಿನ್ನಲೇಬೇಕಾದವರು ಬೇಯಿಸಿ ಅದರ ವಾಸನೆ ಕಳೆದು ತಿನ್ನಲಿ ಎಂದೂ ಅವರು ಹೇಳಿದರು.

ಇಲ್ಲಿ ಎರಡು ವಿಷಯಗಳಿವೆ. ಸಭೆಗೆ ತೊಂದರೆಯಾಗುವಾಗ ಒಬ್ಬರನ್ನು ಹೊರಗೆ ಕಳುಹಿಸಲು ಅನುಮತಿಯಿದೆ. ಹೊಣೆ ಹೊತ್ತವರು ಅದಕ್ಕೆ ಅಳುಕಬೇಕಿಲ್ಲ. ಎಲ್ಲರ ಮನ ನೋಯಿಸುವ ಒಬ್ಬರನ್ನು ಸಹಿಸಿಕೊಳ್ಳುವುದೇ ಸಬ್ರ್ ಎಂದು ತಿಳಿಯುವುದು ಸರಿಯಲ್ಲ, ಉಳಿದವರಿಗೂ ಹಕ್ಕಿದೆ. ಎರಡನೆಯದು, ಹೊರಗೆ ಕಳುಹಿಸಿದ್ದು ವಾಸನೆಯ ಕಾರಣಕ್ಕೆ. ವಾಸನೆ ಹೋದ ಮೇಲೆ ಅವರು ಮತ್ತೆ ಮಸೀದಿಗೆ ಬಂದರು, ಅದೇ ಸಫ್‌ನಲ್ಲಿ ನಿಂತರು. ಅವರನ್ನು ಯಾರೂ ಪಾಪಿಗಳೆಂದು ಕರೆಯಲಿಲ್ಲ.

ಎಲ್ಲರೂ ಒಂದೇ ತೆರನಲ್ಲ

ಗ್ರೂಪ್‌ನಲ್ಲಿ ತೊಂದರೆ ಕೊಡುವವರೆಂದು ನಾವು ಹೇಳುವ ಎಲ್ಲರೂ ಒಂದೇ ರೀತಿಯವರಲ್ಲ. ಅವರನ್ನು ಬೇರೆ ಬೇರೆಯಾಗಿ ನೋಡದಿದ್ದರೆ ಅನ್ಯಾಯವಾಗುತ್ತದೆ.

ಮೊದಲನೆಯವರು ತಿಳಿಯದವರು. ವಯಸ್ಸಾದ ಕಾಕಾ ದಿನಕ್ಕೆ ಮೂವತ್ತು ವೀಡಿಯೋ ಹಾಕುತ್ತಾರೆ. ಮಯ್ಯಿತ್ ಸುದ್ದಿಯ ಕೆಳಗೆ ಅಂಗಡಿಯ ಜಾಹೀರಾತು ಹಾಕುವವರಿದ್ದಾರೆ. ಪ್ರಾರ್ಥನೆಯೆಂದುಕೊಂಡು ಆಧಾರವಿಲ್ಲದ್ದನ್ನು ಹಂಚುವವರಿದ್ದಾರೆ. ಇವರ ವಿಷಯದಲ್ಲಿ ಹಳ್ಳಿಗಾಡಿನ ಆ ಅರಬನ ಘಟನೆ ನೆನಪಿರಲಿ. ಆತ ಪ್ರವಾದಿವರ್ಯರ(ಸ) ಮಸೀದಿಯೊಳಗೇ ಮೂತ್ರ ಮಾಡತೊಡಗಿದಾಗ ಸಹಾಬಿಗಳು ಗದರಿಸಲು ಧಾವಿಸಿದರು. ಪ್ರವಾದಿವರ್ಯರು(ಸ) ಅವರನ್ನು ತಡೆದರು. ಆತ ಮುಗಿಸಿದ ಮೇಲೆ ಆ ಜಾಗಕ್ಕೆ ಒಂದು ಕೊಡ ನೀರು ಸುರಿಸಿದರು. ಬಳಿಕ ಆತನನ್ನು ಹತ್ತಿರ ಕರೆದು, ಮಸೀದಿಗಳು ಇದಕ್ಕಲ್ಲ, ಅಲ್ಲಾಹನ ಸ್ಮರಣೆಗೆ, ನಮಾಝಿಗೆ, ಕುರ್‌ಆನ್ ಪಾರಾಯಣಕ್ಕೆ ಇರುವಂಥವು ಎಂದು ತಿಳಿಹೇಳಿದರು. ಕೊಳೆಯನ್ನು ತೊಳೆದರು, ಮನುಷ್ಯನಿಗೆ ಕಲಿಸಿದರು. ಅಡ್ಮಿನ್‌ಗಳು ಮಾಡಬೇಕಾದದ್ದೂ ಇದನ್ನೇ. ಆ ಸಂದೇಶವನ್ನು ಅಳಿಸಲಿ, ಕಾಕಾನ ಬಳಿ ಕುಳಿತು ಪ್ರೀತಿಯಿಂದ ಹೇಳಲಿ. ಒಂದು ಸಂದೇಶವನ್ನು ಎಲ್ಲರ ಫೋನ್‌ನಿಂದಲೂ ಅಳಿಸುವ ಸೌಲಭ್ಯ ಅಡ್ಮಿನ್‌ಗಳಿಗೆ ಇದೆ. ಸಂದೇಶವನ್ನು ತೆಗೆದರೆ ಸಾಕಾಗುವಲ್ಲಿ ಮನುಷ್ಯನನ್ನು ತೆಗೆಯಬೇಕಾಗಿಲ್ಲ.

ಎರಡನೆಯವರು ಪ್ರಶ್ನೆ ಕೇಳುವವರು. ಮಸೀದಿ ಕಟ್ಟಡದ ಖರ್ಚೆಷ್ಟು, ಝಕಾತ್ ನಿಧಿಯಿಂದ ಎಷ್ಟು ಜನರಿಗೆ ಕೊಡಲಾಯಿತು, ಮಹಾಸಭೆ ಯಾಕೆ ಕರೆದಿಲ್ಲ ಎಂದು ಕೇಳುತ್ತಾರೆ. ಕೇಳುವ ಧಾಟಿ ಒರಟಾಗಿರಬಹುದು. ಆದರೆ ಒರಟುತನದ ನೆಪದಲ್ಲಿ ಪ್ರಶ್ನೆಯನ್ನೇ ಹೊರಗೆ ಹಾಕುವುದು ದೊಡ್ಡ ಅನ್ಯಾಯ. ಸಾಲ ಕೊಟ್ಟಿದ್ದ ಒಬ್ಬ ವ್ಯಕ್ತಿ ಪ್ರವಾದಿವರ್ಯರ(ಸ) ಬಳಿ ಬಂದು ತನ್ನ ಒಂಟೆಯನ್ನು ಒರಟಾಗಿ ಕೇಳಿದಾಗ ಸಹಾಬಿಗಳು ಕೆರಳಿದರು. ಅವನನ್ನು ಬಿಟ್ಟುಬಿಡಿ, ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆ ಎಂಬರ್ಥದ ಮಾತು ಹೇಳಿ ಅವರು ಸಹಾಬಿಗಳನ್ನು ಸುಮ್ಮನಾಗಿಸಿದರು. ನಂತರ ಅವನಿಗೆ ಸಲ್ಲಬೇಕಿದ್ದ ಒಂಟೆಗಿಂತ ಉತ್ತಮವಾದ ಒಂಟೆಯನ್ನು ಕೊಡಿಸಿದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾದ ಘಟನೆಯಿದು. ಅಲ್ಲಾಹನ ಸಂದೇಶವಾಹಕರ ಮುಂದೆಯೇ ಹಕ್ಕುದಾರನ ಬಾಯಿ ಮುಚ್ಚಿಸಲಿಲ್ಲವೆಂದಾದರೆ, ಚಂದಾ ಕೊಡುವ ಒಬ್ಬ ಜಮಾಅತ್ ಸದಸ್ಯನ ಬಾಯಿ ಮುಚ್ಚಿಸಲು ನಾವು ಯಾರು? ಲೆಕ್ಕ ಕೇಳಿದವರಿಗೆ ಲೆಕ್ಕ ಕೊಡುವುದೇ ಉತ್ತರ. ಗ್ರೂಪ್‌ನಲ್ಲಿ ಬೇಡವೆಂದಾದರೆ ಇಂಥ ದಿನ, ಇಂಥ ನಮಾಝಿನ ಬಳಿಕ ಕಚೇರಿಯಲ್ಲಿ ಪುಸ್ತಕ ತೋರಿಸುತ್ತೇವೆ ಎಂದು ಹೇಳಿ, ಹೇಳಿದಂತೆ ತೋರಿಸಬೇಕು.

ಮೂರನೆಯವರು ಸಿಟ್ಟಿನವರು. ಚಂದ್ರದರ್ಶನದ ರಾತ್ರಿ ಬಂತೆಂದರೆ, ಅಥವಾ ಎರಡು ಸಂಘಟನೆಗಳ ನಡುವಿನ ಭಿನ್ನಾಭಿಪ್ರಾಯದ ಮಾತು ಬಂತೆಂದರೆ ಇವರಿಗೆ ನಿಯಂತ್ರಣ ತಪ್ಪುತ್ತದೆ. ಮರುದಿನ ತಣ್ಣಗಾಗುತ್ತಾರೆ. ಇಂಥ ಹೊತ್ತಿನಲ್ಲಿ ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಉಳಿಸಿದರೆ ಅಡ್ಮಿನ್ ಒಂದು ಪಕ್ಷ ಹಿಡಿದಂತಾಗುತ್ತದೆ. ಅದಕ್ಕಿಂತ, ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಗ್ರೂಪ್ ಅನ್ನು ಆ ಒಂದು ರಾತ್ರಿಯ ಮಟ್ಟಿಗೆ ಮುಚ್ಚಿಡುವುದು ಲೇಸು. ಸಿಟ್ಟು ಬಂದಾಗ ನಿಂತಿರುವವನು ಕುಳಿತುಕೊಳ್ಳಲಿ, ಅಷ್ಟಕ್ಕೂ ಇಳಿಯದಿದ್ದರೆ ಮಲಗಲಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಗ್ರೂಪ್‌ಗೂ ಒಮ್ಮೊಮ್ಮೆ ಸ್ವಲ್ಪ ಹೊತ್ತು ಮಲಗುವ ಅಗತ್ಯವಿರುತ್ತದೆ.

ನಾಲ್ಕನೆಯವರು ಕೆಡುಕು ಹರಡುವವರು. ಒಬ್ಬರ ಮಾನ ಕಳೆಯುವ ಸುಳ್ಳು ಹೇಳುತ್ತಾರೆ, ಹೆಣ್ಣುಮಕ್ಕಳ ಫೋಟೋ ಹಂಚುತ್ತಾರೆ, ನೆರೆಯ ಸಮುದಾಯದ ವಿರುದ್ಧ ದ್ವೇಷದ ಮಾತು ಹಾಕುತ್ತಾರೆ, ವದಂತಿ ಹಬ್ಬಿಸುತ್ತಾರೆ. ಇವರ ವಿಷಯದಲ್ಲಿ ತಡಮಾಡಬಾರದು. ಮೊದಲು ತಡೆಯಬೇಕು, ವಿಚಾರಣೆ ಆಮೇಲೆ.

ಏಕೆಂದು ತಿಳಿಯಲು ನಮ್ಮ ರಾಜ್ಯದಲ್ಲೇ ನಡೆದ ಒಂದು ಘಟನೆ ಸಾಕು. 2018ರ ಜುಲೈಯಲ್ಲಿ ಹೈದರಾಬಾದ್ ಕಡೆಯಿಂದ ಬಂದಿದ್ದ ಕೆಲವು ಗೆಳೆಯರು ಬೀದರ್ ಜಿಲ್ಲೆಯ ಒಂದು ಹಳ್ಳಿಯ ಬಳಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ವದಂತಿ ಎದ್ದಿತು. ಅವರು ಕಾರಿನಲ್ಲಿ ಪಾರಾಗಲು ಹೊರಟರೂ ಸುದ್ದಿ ವಾಟ್ಸ್ಯಾಪ್‌ನಲ್ಲಿ ಅವರಿಗಿಂತ ಮೊದಲೇ ಮುಂದಿನ ಊರನ್ನು ತಲುಪಿತ್ತು. ಔರಾದ್ ತಾಲೂಕಿನ ಮುರ್ಕಿಯಲ್ಲಿ ಜನರ ಗುಂಪು ಅವರ ಮೇಲೆ ಎರಗಿತು. ಏನೂ ತಪ್ಪು ಮಾಡದ ಒಬ್ಬ ಯುವ ಇಂಜಿನಿಯರ್ ಪ್ರಾಣ ಕಳಕೊಂಡರು. ಅದೇ ತಿಂಗಳು ವಾಟ್ಸ್ಯಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ 5 ಕಡೆಗಷ್ಟೇ ಫಾರ್ವರ್ಡ್ ಮಾಡಬಹುದೆಂಬ ಮಿತಿ ಹೇರಿತು. ಯಾರೋ ತಂದ ಸುದ್ದಿಯನ್ನು ಪರಿಶೀಲಿಸಿ, ತಿಳಿಯದೆ ಒಂದು ಜನಕ್ಕೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡುವಂತಾಗದಿರಲಿ ಎಂದು ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತ ಹದಿನಾಲ್ಕು ಶತಮಾನಗಳ ಹಿಂದೆಯೇ ಎಚ್ಚರಿಸಿತ್ತು. ವದಂತಿ ಹಾಕುವವರ ಕೈಯನ್ನು ಆ ಕ್ಷಣದಲ್ಲೇ ಹಿಡಿಯುವುದು ಹೊರಗಿನವರ ಪ್ರಾಣಕ್ಕೂ ರಕ್ಷಣೆ, ಹಾಕಿದವರ ಪರಲೋಕಕ್ಕೂ ರಕ್ಷಣೆ.

ತೆಗೆಯಲೇಬೇಕಾದಾಗ

ಒಬ್ಬರನ್ನು ತೆಗೆಯಲೇಬೇಕಾದ ಸಂದರ್ಭ ಬಂದರೆ ಕೆಲವು ವಿಷಯಗಳನ್ನು ಪಾಲಿಸೋಣ.

ಮೊದಲನೆಯದಾಗಿ, ಖಚಿತಪಡಿಸಿಕೊಳ್ಳುವುದು. ಅದೇ ಹುಜುರಾತ್ ಸೂಕ್ತ ಅಡ್ಮಿನ್‌ಗೂ ಅನ್ವಯಿಸುತ್ತದೆ. ಯಾರೋ ಕಳುಹಿಸಿದ ಸ್ಕ್ರೀನ್‌ಶಾಟ್ ನೋಡಿ ತೀರ್ಮಾನಿಸಬಾರದು. ಸ್ಕ್ರೀನ್‌ಶಾಟ್‌ನಲ್ಲಿ ಅರ್ಧ ಮಾತಿರುತ್ತದೆ, ಮೇಲಿನ ಮತ್ತು ಕೆಳಗಿನ ಮಾತು ಇರುವುದಿಲ್ಲ. ಕೆಲವೊಮ್ಮೆ ಫೋನ್ ಮಕ್ಕಳ ಕೈಯಲ್ಲಿರುತ್ತದೆ. ಆ ವ್ಯಕ್ತಿಗೆ ಒಂದು ಕರೆ ಮಾಡಿ ಕೇಳಲು ಎರಡು ನಿಮಿಷ ಸಾಕು.

ಎರಡನೆಯದಾಗಿ, ಗುಟ್ಟಾಗಿ ಉಪದೇಶಿಸುವುದು. ಇನ್ನೂರು ಜನರ ಮುಂದೆ ಕೊಟ್ಟ ಬುದ್ಧಿಮಾತು ಬುದ್ಧಿಮಾತಾಗಿ ಉಳಿಯುವುದಿಲ್ಲ. ಅದು ಅವಮಾನವಾಗುತ್ತದೆ, ಅವಮಾನಗೊಂಡವರು ತಿದ್ದಿಕೊಳ್ಳುವುದರ ಬದಲು ಹಟ ಹಿಡಿಯುತ್ತಾರೆ. ಅನ್ನಿಸಾ ಅಧ್ಯಾಯದ 114ನೇ ಸೂಕ್ತದ ಪ್ರಕಾರ ಜನರ ಹೆಚ್ಚಿನ ಗುಪ್ತ ಮಾತುಕತೆಗಳಲ್ಲಿ ಒಳಿತಿಲ್ಲ. ಆದರೆ ದಾನಕ್ಕೆ, ಸತ್ಕಾರ್ಯಕ್ಕೆ ಪ್ರೇರೇಪಿಸುವವರ ಮತ್ತು ಜನರ ನಡುವೆ ಸಂಧಾನ ಮಾಡುವವರ ಮಾತು ಅದಕ್ಕೆ ಹೊರತು. ಮಗ್ರಿಬ್ ನಮಾಝಿನ ಬಳಿಕ ಅವರ ಹೆಗಲ ಮೇಲೆ ಕೈಯಿಟ್ಟು ಮಸೀದಿಯ ಅಂಗಳದಲ್ಲಿ ನಾಲ್ಕು ಹೆಜ್ಜೆ ಜೊತೆಗೆ ನಡೆದರೆ, ಫೋನ್‌ನಲ್ಲಿ ಆಗದ ಕೆಲಸ ಅಲ್ಲಿ ಆಗುತ್ತದೆ.

ಮೂರನೆಯದಾಗಿ, ಒಬ್ಬರೇ ತೀರ್ಮಾನಿಸದಿರುವುದು. ವಿಶ್ವಾಸಿಗಳ ವ್ಯವಹಾರ ಪರಸ್ಪರ ಸಮಾಲೋಚನೆಯಿಂದ ನಡೆಯುವುದೆಂದು ಕುರ್‌ಆನ್ ಪ್ರಶಂಸಿಸಿದೆ. ಜಗಳ ಅಡ್ಮಿನ್ ಜೊತೆಯೇ ಆಗಿದ್ದರಂತೂ ಅವರು ತೀರ್ಪುಗಾರರಾಗುವುದು ಸರಿಯಲ್ಲ. ಕನಿಷ್ಠ ಮೂವರು ಸೇರಿ ನೋಡಲಿ. ಅದರಲ್ಲಿ ಒಬ್ಬರಾದರೂ ಆ ವ್ಯಕ್ತಿಗೆ ಹತ್ತಿರದವರಾಗಿರಲಿ.

ನಾಲ್ಕನೆಯದಾಗಿ, ಕಾರಣ ಮತ್ತು ಅವಧಿ ತಿಳಿಸುವುದು. ನಿಮ್ಮನ್ನು ಇಂಥ ಸಂದೇಶಕ್ಕಾಗಿ, ಇಷ್ಟು ದಿನಗಳ ಮಟ್ಟಿಗೆ ತೆಗೆಯುತ್ತಿದ್ದೇವೆ, ಆಮೇಲೆ ನಾವೇ ಸೇರಿಸುತ್ತೇವೆ ಎಂದು ಅವರಿಗೆ ನೇರವಾಗಿ ಹೇಳಬೇಕು. ಹೇಳದೆ ತೆಗೆದರೆ ಆ ಮನುಷ್ಯ ರಾತ್ರಿಯಿಡೀ ತಾನು ಏನು ಮಾಡಿದೆನೆಂದು ಯೋಚಿಸುತ್ತಾ, ಶೈತಾನ್ ಹೇಳಿಕೊಟ್ಟ ಕಾರಣಗಳನ್ನು ನಂಬುತ್ತಾ ಕೂರುತ್ತಾನೆ.

ಐದನೆಯದಾಗಿ, ತೆಗೆದ ಮೇಲೆ ಬಾಯಿ ಮುಚ್ಚಿಕೊಳ್ಳುವುದು. ಅವರು ಹೊರಹೋದ ಕೂಡಲೇ ಅಂತೂ ನೆಮ್ಮದಿಯಾಯಿತು ಎಂದು ಬರೆಯುವವರು, ಅಪಹಾಸ್ಯದ ಚಿತ್ರ ಹಾಕುವವರು ಇದ್ದಾರೆ. ಉತ್ತರ ಕೊಡಲು ಅವರು ಅಲ್ಲಿಲ್ಲ. ಇಲ್ಲದವರ ಬಗ್ಗೆ ಅವರಿಗಿಷ್ಟವಾಗದ್ದನ್ನು ಆಡುವುದೇ ಪರದೂಷಣೆ. ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಅಲ್ಲಾಹನು ಹೋಲಿಸಿದ್ದು ಇದನ್ನೇ. ತೆಗೆದದ್ದು ನ್ಯಾಯವಾಗಿದ್ದರೂ ಆ ಬಳಿಕದ ನಗು ನ್ಯಾಯವಾಗುವುದಿಲ್ಲ.

ಐವತ್ತು ರಾತ್ರಿಗಳ ಪಾಠ

ಬಹಿಷ್ಕಾರದ ಮಾತು ಬಂದಾಗ ಕೆಲವರು ಹ. ಕಅಬ್ ಬಿನ್ ಮಾಲಿಕ್(ರ)ರ ಘಟನೆಯನ್ನು ಮುಂದಿಡುತ್ತಾರೆ. ಹಿಜ್ರಾ 9ನೇ ವರ್ಷದ ತಬೂಕ್ ಯಾತ್ರೆಗೆ ಸಕಾರಣವಿಲ್ಲದೆ ಹೋಗದೆ ಉಳಿದಿದ್ದ ಮೂವರು ಸಹಾಬಿಗಳ ಜೊತೆ ಯಾರೂ ಮಾತನಾಡಬಾರದೆಂದು ಪ್ರವಾದಿವರ್ಯರು(ಸ) ಆದೇಶಿಸಿದ್ದರು. ಅದು ನಿಜ. ಆದರೆ ಆ ಘಟನೆಯನ್ನು ಪೂರ್ತಿಯಾಗಿ ಓದಬೇಕು.

ಆ ಆದೇಶ ಕೊಟ್ಟವರು ದಿವ್ಯಸಂದೇಶ ಪಡೆಯುತ್ತಿದ್ದ ಪ್ರವಾದಿ(ಸ). ಯಾವ ಅಡ್ಮಿನ್‌ಗೂ ಯಾವ ಸಮಿತಿಗೂ ಅಂಥ ಅಧಿಕಾರವಿಲ್ಲ. ಆಗಲೂ ಹ. ಕಅಬ್(ರ)ರಿಗೆ ಮಸೀದಿ ಮುಚ್ಚಿರಲಿಲ್ಲ. ಅವರು ಜಮಾಅತ್ ನಮಾಝಿಗೆ ಬರುತ್ತಿದ್ದರು, ಪ್ರವಾದಿವರ್ಯರಿಗೆ(ಸ) ಸಲಾಮ್ ಹೇಳಿ ತುಟಿ ಅಲುಗಿತೋ ಇಲ್ಲವೋ ಎಂದು ನೋಡುತ್ತಿದ್ದರು. ತಾವು ನಮಾಝಿನಲ್ಲಿ ಮಗ್ನರಾದಾಗ ಪ್ರವಾದಿವರ್ಯರು(ಸ) ತಮ್ಮತ್ತ ನೋಡುತ್ತಿದ್ದರೆಂದೂ ಅವರೇ ಹೇಳಿದ್ದಾರೆ. ದೂರವಿಟ್ಟವರ ಮೇಲೂ ಆ ದೃಷ್ಟಿಯಿತ್ತು.

ಆ ದಿನಗಳಲ್ಲಿ ಇನ್ನೊಂದು ಘಟನೆ ನಡೆಯಿತು. ಗಸ್ಸಾನ್‌ನ ರಾಜನಿಂದ ಹ. ಕಅಬ್(ರ)ರಿಗೆ ಒಂದು ಪತ್ರ ಬಂತು. ನಿನ್ನ ಜನ ನಿನ್ನನ್ನು ಕೈಬಿಟ್ಟಿದ್ದಾರಂತೆ, ನಮ್ಮ ಬಳಿಗೆ ಬಾ ಎಂಬುದು ಅದರ ಸಾರ. ಅವರು ಆ ಪತ್ರವನ್ನು ಒಲೆಗೆ ಹಾಕಿದರು. ಹ. ಕಅಬ್(ರ)ರ ಈಮಾನ್ ಅಷ್ಟು ದೃಢವಾಗಿತ್ತು. ಸಹೋದರರೇ, ಇಂದು ನಾವು ಒಬ್ಬ ಹದಿನೆಂಟರ ಯುವಕನನ್ನು ಗ್ರೂಪ್‌ನಿಂದ ಹೊರಹಾಕಿದರೆ ಆತನಿಗೂ ಅಂಥ ಪತ್ರಗಳು ಬರುತ್ತವೆ. ಮಾದಕ ವಸ್ತುವಿನ ಜಾಲದವರು ಬರೆಯುತ್ತಾರೆ, ಜೂಜಿನ ಆ್ಯಪ್‌ನವರು ಬರೆಯುತ್ತಾರೆ, ಸಿಟ್ಟನ್ನೇ ಬಂಡವಾಳ ಮಾಡಿಕೊಂಡವರು ಬರೆಯುತ್ತಾರೆ. ಪತ್ರವನ್ನು ಒಲೆಗೆ ಹಾಕುವ ಶಕ್ತಿ ಆ ಹುಡುಗನಲ್ಲಿದೆಯೇ ಎಂದು ಯೋಚಿಸದೆ ಆತನನ್ನು ದೂಡಬಾರದು. ತೆಗೆದ ದಿನವೇ ಒಬ್ಬರು ಆತನ ಮನೆಗೆ ಹೋಗಬೇಕು.

ಐವತ್ತನೆಯ ರಾತ್ರಿ ಕಳೆದು ಬೆಳಗಾದಾಗ ಅವರ ತೌಬಾ ಸ್ವೀಕೃತವಾದ ಸುದ್ದಿ ಬಂತು. ಸಲ್‌ಅ್ ಬೆಟ್ಟದ ಮೇಲಿಂದ ಒಬ್ಬರು ಕೂಗಿ ಸಾರಿದರು. ಜನರು ಗುಂಪುಗುಂಪಾಗಿ ಅಭಿನಂದಿಸಲು ಬಂದರು. ಮಸೀದಿಗೆ ಕಾಲಿಟ್ಟಾಗ ಹ. ತಲ್ಹಾ ಬಿನ್ ಉಬೈದುಲ್ಲಾಹ್(ರ) ಎದ್ದು ಓಡಿ ಬಂದು ಅವರ ಕೈ ಕುಲುಕಿದರು. ಆ ಉಪಕಾರವನ್ನು ಹ. ಕಅಬ್(ರ) ಎಂದೂ ಮರೆಯಲಿಲ್ಲ. ನಮ್ಮ ಗ್ರೂಪ್‌ಗೆ ಒಬ್ಬರನ್ನು ಮತ್ತೆ ಸೇರಿಸಿದಾಗ ಹ. ತಲ್ಹಾ(ರ)ರ ಹಾಗೆ ಮೊದಲು ಏಳುವವರು ಯಾರು? ಮರಳಿ ಬಂದವರಿಗೆ ಹಳೆಯದನ್ನು ನೆನಪಿಸಿ ಚುಚ್ಚುವವರೇ ಮೊದಲು ಏಳುವುದಾದರೆ ಅವರು ಎಷ್ಟು ದಿನ ಉಳಿದಾರು?

ಗ್ರೂಪ್ ಬೇರೆ, ಬಾಂಧವ್ಯ ಬೇರೆ

ಗ್ರೂಪ್‌ನಿಂದ ತೆಗೆಯುವುದು ಒಂದು ಸಭೆಯ ವ್ಯವಸ್ಥೆ. ಬಾಂಧವ್ಯಕ್ಕೆ ಅದು ತಟ್ಟಬಾರದು. ಮೂರು ದಿನಗಳಿಗಿಂತ ಹೆಚ್ಚು ಕಾಲ ತನ್ನ ಸಹೋದರನೊಂದಿಗೆ ಮಾತು ಬಿಟ್ಟಿರುವುದು ಮುಸ್ಲಿಮನಿಗೆ ಧರ್ಮಸಮ್ಮತವಲ್ಲವೆಂದೂ, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನೆಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ತೆಗೆದವರು ಇಂದೇ ಸಲಾಮ್ ಹೇಳಲಿ. ಅವರ ಮನೆಯ ಮದುವೆಗೆ ಹೋಗಲಿ, ಕಾಯಿಲೆ ಬಿದ್ದರೆ ನೋಡಲಿ. ಮಯ್ಯಿತ್ ಸುದ್ದಿ, ಜಮಾಅತ್‌ನ ಪ್ರಕಟಣೆ ಅವರಿಗೆ ಬೇರೆಯಾಗಿ ತಲುಪುವಂತೆ ನೋಡಿಕೊಳ್ಳಲಿ. ಗ್ರೂಪ್‌ನಲ್ಲಿಲ್ಲದ ಕಾರಣಕ್ಕೆ ಒಬ್ಬರಿಗೆ ಜನಾಝಾ ನಮಾಝ್ ತಪ್ಪಿದರೆ ಅದರ ಹೊಣೆ ಯಾರದು?

ಹ. ಆಯಿಶಾ(ರ)ರ ಮೇಲೆ ಸುಳ್ಳಾರೋಪ ಹೊರಿಸಿದ ಪ್ರಕರಣ ನಮಗೆಲ್ಲ ಗೊತ್ತು. ಅದಕ್ಕಿಂತ ಕೆಟ್ಟ ವದಂತಿಯನ್ನು ಊಹಿಸುವುದೂ ಕಷ್ಟ. ಅದರಲ್ಲಿ ಬಾಯಿ ಸೇರಿಸಿದವರಲ್ಲಿ ಹ. ಅಬೂಬಕರ್(ರ)ರ ಬಂಧುವೂ ಬಡವರೂ ಆದ ಮಿಸ್ತಹ್(ರ) ಇದ್ದರು. ಅವರ ಖರ್ಚನ್ನು ನೋಡಿಕೊಳ್ಳುತ್ತಿದ್ದವರು ಹ. ಅಬೂಬಕರ್(ರ). ತಮ್ಮ ಸ್ವಂತ ಮಗಳ ಮಾನದ ಪ್ರಶ್ನೆ. ಇನ್ನು ಮುಂದೆ ಏನೂ ಕೊಡುವುದಿಲ್ಲವೆಂದು ಅವರು ಆಣೆ ಹಾಕಿದರು. ಆಗ ಅನ್ನೂರ್ ಅಧ್ಯಾಯದ 22ನೇ ಸೂಕ್ತ ಅವತೀರ್ಣವಾಯಿತು. ಬಂಧುಗಳಿಗೂ ಬಡವರಿಗೂ ಕೊಡುವುದಿಲ್ಲವೆಂದು ಅನುಕೂಲಸ್ಥರು ಆಣೆ ಹಾಕಬಾರದು, ಕ್ಷಮಿಸಬೇಕು, ಅಲ್ಲಾಹನು ತಮ್ಮನ್ನು ಕ್ಷಮಿಸಬೇಕೆಂದು ಅವರು ಬಯಸುವುದಿಲ್ಲವೇ ಎಂಬುದು ಅದರ ಆಶಯ. ಹ. ಅಬೂಬಕರ್(ರ) ನೆರವನ್ನು ಮತ್ತೆ ಆರಂಭಿಸಿದರು. ವದಂತಿಯನ್ನು ಅಲ್ಲಾಹನು ಕಠಿಣವಾಗಿ ಖಂಡಿಸಿದನು, ಆದರೆ ಬಂಧುವಿನ ಅನ್ನ ನಿಲ್ಲಲು ಬಿಡಲಿಲ್ಲ.

ಹಾಗೆಂದು ನಮ್ಮ ಸಹೋದರಿಯರು ಒಂದು ವಿಷಯದಲ್ಲಿ ಗೊಂದಲಪಡಬೇಕಿಲ್ಲ. ಗ್ರೂಪ್‌ನಿಂದ ನಂಬರ್ ತೆಗೆದು ಖಾಸಗಿಯಾಗಿ ಸಂದೇಶ ಕಳುಹಿಸಿ ಪೀಡಿಸುವವರನ್ನು ಆ ಕ್ಷಣವೇ ಬ್ಲಾಕ್ ಮಾಡಿ. ಮೂರು ದಿನದ ಹದೀಸ್ ಕಿರುಕುಳವನ್ನು ಸಹಿಸಿಕೊಳ್ಳಲು ಹೇಳುವುದಿಲ್ಲ. ಸಂದೇಶಗಳನ್ನು ಸಾಕ್ಷ್ಯಕ್ಕಾಗಿ ಉಳಿಸಿ ಮನೆಯ ಹಿರಿಯರಿಗೆ ತೋರಿಸಿ, ಅಗತ್ಯವಿದ್ದರೆ ಪೊಲೀಸರಿಗೆ ದೂರು ಕೊಡಿ. ಹೆತ್ತವರು ಮಗಳನ್ನು ಗದರಿಸಿ ಫೋನ್ ಕಿತ್ತುಕೊಳ್ಳಬಾರದು. ಹಾಗೆ ಮಾಡಿದರೆ ಮುಂದಿನ ಸಲ ಆಕೆ ಹೇಳುವುದೇ ಇಲ್ಲ.

ತೆಗೆಯಲ್ಪಟ್ಟವರಿಗೆ, ಅಡ್ಮಿನ್‌ಗಳಿಗೆ

ಗ್ರೂಪ್‌ನಿಂದ ತೆಗೆಯಲ್ಪಟ್ಟ ಸಹೋದರರಿಗೂ ಒಂದು ಮಾತು. ನೋವಾಗಿರುವುದು ನಿಜ. ಆದರೆ ಅದೇ ರಾತ್ರಿ ಎದುರಾಳಿ ಗ್ರೂಪ್ ಕಟ್ಟಿ ಅರ್ಧ ಜಮಾಅತ್ ಅನ್ನು ಆ ಕಡೆಗೆ ಎಳೆಯಬೇಡಿ. ತಾನು ಬರೆದದ್ದನ್ನು ಬೇರೆಯವರು ಬರೆದಿದ್ದರೆ ತನಗೆ ಹೇಗನಿಸುತ್ತಿತ್ತೆಂದು ಒಮ್ಮೆ ಓದಿ ನೋಡಿ. ತಪ್ಪಿದ್ದರೆ ಒಪ್ಪಿಕೊಳ್ಳಿ. ಅನ್ಯಾಯವಾಗಿದ್ದರೆ ಖತೀಬರ ಬಳಿ, ಸಮಿತಿಯ ಬಳಿ ನೇರವಾಗಿ ಹೋಗಿ ಕೇಳಿ. ಕೇಳುವ ಹಕ್ಕು ಗ್ರೂಪ್‌ನ ಜೊತೆಗೆ ಹೋಗುವುದಿಲ್ಲ.

ಅಡ್ಮಿನ್‌ಗಳೇ, ಸದಸ್ಯರು ಹಾಕಿದ ಸಂದೇಶಕ್ಕೆ ಕೇವಲ ಅಡ್ಮಿನ್ ಎಂಬ ಕಾರಣಕ್ಕೆ ಯಾರನ್ನೂ ಅಪರಾಧಿಯನ್ನಾಗಿಸಲಾಗದೆಂದು ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೆ ಇನ್ನೊಂದು ನ್ಯಾಯಾಲಯವಿದೆ. ಪ್ರತಿಯೊಬ್ಬನೂ ಕುರಿಗಾಹಿ, ತನ್ನ ಅಧೀನದಲ್ಲಿರುವವರ ಬಗ್ಗೆ ಪ್ರತಿಯೊಬ್ಬನೂ ವಿಚಾರಿಸಲ್ಪಡುವನು ಎಂಬುದು ಪ್ರವಾದಿವರ್ಯರ(ಸ) ಬೋಧನೆ. ನಿಮ್ಮ ಕೈಯಲ್ಲಿರುವುದು ಅಮಾನತ್ತು. ಕೆಡುಕು ಕಂಡೂ ಸುಮ್ಮನಿದ್ದುದಕ್ಕೂ ಪ್ರಶ್ನೆಯಿದೆ, ಹಗೆ ಸಾಧಿಸಲು ಒಬ್ಬರನ್ನು ತೆಗೆದುದಕ್ಕೂ ಪ್ರಶ್ನೆಯಿದೆ.

ಈ ವಾರ ಪ್ರತಿ ಜಮಾಅತ್ ಗ್ರೂಪ್‌ನಲ್ಲಿ ಒಂದು ಕೆಲಸ ನಡೆಯಲಿ. ಇಲ್ಲಿ ಏನು ಹಾಕಬಹುದು, ಏನು ಹಾಕಬಾರದು, ತಪ್ಪಿದರೆ ಯಾರು ಮಾತನಾಡಿಸುತ್ತಾರೆ, ಎಷ್ಟು ದಿನ ತೆಗೆಯುತ್ತಾರೆ, ಯಾವಾಗ ಮರಳಿ ಸೇರಿಸುತ್ತಾರೆ ಎಂಬ ಐದು ಸಾಲುಗಳನ್ನು ಸಮಾಲೋಚಿಸಿ ಬರೆದಿಡೋಣ. ಹಿಂದೆ ತೆಗೆದವರ ಹೆಸರುಗಳನ್ನೂ ಒಮ್ಮೆ ನೋಡೋಣ. ಅವಧಿ ಮುಗಿದವರು, ಕಾರಣವೇ ಇಲ್ಲದೆ ಹೊರಗುಳಿದವರು ಅದರಲ್ಲಿದ್ದರೆ, ಗ್ರೂಪ್‌ಗೆ ಸೇರಿಸುವ ಮೊದಲು ಅವರ ಮನೆ ಬಾಗಿಲಿಗೆ ಹೋಗಿ ಸಲಾಮ್ ಹೇಳೋಣ.

ಅಲ್ಲಾಹನೇ, ನಮ್ಮ ನಾಲಗೆಯನ್ನೂ ಬೆರಳುಗಳನ್ನೂ ಕೆಡುಕಿನಿಂದ ಕಾಪಾಡು. ನಮ್ಮ ಮಜ್ಲಿಸ್‌ಗಳನ್ನು ಒಳಿತಿನ ಮಜ್ಲಿಸ್‌ಗಳನ್ನಾಗಿ ಮಾಡು. ಮುನಿಸಿಕೊಂಡ ಮನಸ್ಸುಗಳನ್ನು ಬೆಸೆ, ದೂರವಾದ ಸಹೋದರರನ್ನು ಒಂದೇ ಸಫ್‌ಗೆ ಮರಳಿಸು. ಆಮೀನ್.